ವೊಗ್ರಾನ್ ಅವರ ಹನ್ನೆರಡನೆಯ ಪ್ರತಿ

ತತ್ವಜ್ಞಾನಿ ವೊಗ್ರಾನ್ ಏನು ಬರೆದರು ಎಂಬುದನ್ನು ತೀರ್ಮಾನಿಸುವ ಅಧಿಕಾರ ದಿಜೋನ್ ನಗರದ ವೊಗ್ರಾನ್ ಗ್ರಂಥ ಪರಿಷ್ಕರಣ ಸಮಿತಿಗೆ ಸೇರಿದ್ದು. ವೊಗ್ರಾನ್ ತೀರಿಕೊಂಡು ಇನ್ನೂರ ನಲವತ್ತು ವರ್ಷಗಳಾಗಿರುವುದರಿಂದ ಅವರ ಆಕ್ಷೇಪಣೆ ಇದುವರೆಗೆ ಬಂದಿಲ್ಲ.

ರಾಜನ ಕಾಲದಲ್ಲಿ ಅಚ್ಚು ಹಾಕಿಸಿದರೆ ಸೆರೆಮನೆ. ಹಾಗಾಗಿ ಅವರ ಗ್ರಂಥ ಕೈಬರಹದಲ್ಲೇ ಊರೂರು ತಿರುಗಿತು. ಉಳಿದಿರುವ ಹನ್ನೊಂದು ಪ್ರತಿಗಳಲ್ಲೂ ಒಂದು ವಾಕ್ಯ ಹೀಗಿದೆ: ‘ಬಹಳ ಮಂದಿ ಹೇಳಿದ್ದು ಸುಳ್ಳಾಗಲಾರದು.’ ಮೊದಲ ನಕಲುಗಾರ ಹೆದರಿ ತಿದ್ದಿದ, ಉಳಿದವರು ಅವನನ್ನು ನೋಡಿ ಬರೆದರು ಎಂದು ಸಮಿತಿಯಲ್ಲಿ ಹತ್ತೊಂಬತ್ತು ವರ್ಷ ವಾದಿಸಿ, ನಗೆಪಾಟಲಾಗಿ, ಸದಸ್ಯ ಗಾಸ್ಪಾರ್ ತೀರಿಕೊಂಡ. ಪ್ರತಿಗಳನ್ನು ಹೋಲಿಸುವ ಅವನ ಕೆಲಸವನ್ನು ಹೆಂಡತಿ ಓದೀಲ್ ಮುಂದುವರಿಸಿದಳು.

ಈ ವರ್ಷ ದ್ರಾಕ್ಷಾರಸದ ವ್ಯಾಪಾರಿಯೊಬ್ಬನ ಅಟ್ಟದಲ್ಲಿ ಅವಳಿಗೆ ಹನ್ನೆರಡನೆಯ ಪ್ರತಿ ಸಿಕ್ಕಿತು. ಅಕ್ಷರ ಸಾಕ್ಷಾತ್ ವೊಗ್ರಾನ್ ಅವರದೇ ಎಂದು ಸಮಿತಿಯೇ ಪ್ರಮಾಣಪತ್ರ ಕೊಟ್ಟಿತು. ಅದರಲ್ಲಿ ಹೀಗಿತ್ತು: ‘ಬಹಳ ಮಂದಿ ಹೇಳಿದರೆಂದು ಸುಳ್ಳು ನಿಜವಾಗದು.’

ಗಾಸ್ಪಾರ್ ಊಹಿಸಿದ್ದ ವಾಕ್ಯ. ಓದೀಲಳಿಗೆ ಅದು ಅಚ್ಚಾಗಬೇಕಿತ್ತು, ಅಷ್ಟೆ.

ಅಧ್ಯಕ್ಷ ತಾಸೆಲ್ ಕನ್ನಡಕ ಏರಿಸಿ ಓದಿದರು.

“ಚೆನ್ನಾಗಿದೆ ಮದಾಮ್. ಆದ್ರೆ ಇದು ಒಂದು, ಆ ಕಡೆ ಹನ್ನೊಂದು. ನಿಯಮ ಒಂಬತ್ತರ ಪ್ರಕಾರ ಬಹುಮತದ ಪಾಠವೇ ಮೂಲಪಾಠ.”

“ಇದು ಅವರೇ ಬರೆದದ್ದು, ಮೊಸ್ಯೂ.”

“ಅವರದೂ ಒಂದು ಮತ ಲೆಕ್ಕಕ್ಕೆ ತಗೊಂಡಿದೀವಲ್ಲ. ಬೇಡ ಅಂದ್ವಾ?”

“ಗ್ರಂಥ ಅವರದಲ್ವಾ?”

“ಅದಕ್ಕೇ ಹೇಳೋದು. ಸ್ವಂತ ಗ್ರಂಥ ಅಂದ್ರೆ ಯಾರಿಗಾದ್ರೂ ಪಕ್ಷಪಾತ ಇರುತ್ತೆ. ಆ ಹನ್ನೊಂದು ಜನಕ್ಕೆ ಅದರ ಮೇಲೆ ಯಾವ ಮಮತೆಯೂ ಇರಲಿಲ್ಲ ನೋಡಿ. ನಿಮ್ಮ ಯಜಮಾನ್ರೂ ಹೀಗೇ ಹಟ ಹಿಡೀತಿದ್ರು, ಪಾಪ.”

“ಅಡಿಟಿಪ್ಪಣಿಯಲ್ಲಾದ್ರೂ ಹಾಕಿ.”

“ಅದಕ್ಕೆ ಮೂರು ಪ್ರತಿಗಳ ಬೆಂಬಲ ಬೇಕು. ಒಂದರಲ್ಲೇ ಇದ್ರೆ ಅದು ನಕಲುಗಾರನ ತಪ್ಪು, ತಪ್ಪುಗಳ ಪಟ್ಟಿಗೆ ಹೋಗುತ್ತೆ.”

“ಆ ಪಟ್ಟಿ ಅಚ್ಚಾಗುತ್ತಾ?”

“ಆಗದೆ ಏನು. ಪುಸ್ತಕದ ಕೊನೇಲಿ, ಸಣ್ಣಕ್ಷರದಲ್ಲಿ.”

ಓದೀಲ್ ಕಾಗದ ಎಳೆದುಕೊಂಡು ದುಂಡಗೆ ಬರೆದಳು: ‘ಹನ್ನೆರಡನೆಯ ಪ್ರತಿ. ನಕಲುಗಾರ ಅಜಾಗರೂಕ; ಗ್ರಂಥಕರ್ತರ ಆಶಯವನ್ನು ತಿಳಿದವನಲ್ಲ. ಅವನ ತಪ್ಪು ವಾಕ್ಯ ಹೀಗಿದೆ.’ ಅದರ ಕೆಳಗೆ ಆ ವಾಕ್ಯವನ್ನು ಒಂದಕ್ಷರವೂ ಬಿಡದೆ ಇಳಿಸಿದಳು.

“ನಕಲುಗಾರನ ಬಗ್ಗೆ ಇನ್ನೂ ಸ್ವಲ್ಪ ಕಟುವಾಗಿ ಬರೀಬಹುದಿತ್ತು,” ಎಂದರು ತಾಸೆಲ್.

ತಪ್ಪುಗಳ ಪಟ್ಟಿಯ ಈ ಟಿಪ್ಪಣಿಯನ್ನು ಮತಕ್ಕೆ ಹಾಕಲಾಯಿತು. ಸದಸ್ಯರೆಲ್ಲ ಕೈ ಎತ್ತಿದರು. ಓದೀಲ್ ಎಲ್ಲರಿಗಿಂತ ಮೊದಲು ಎತ್ತಿದ್ದಳು.