ಗುಡಾರ, ಶೆಡ್ಡು ಮತ್ತು ನನ್ನ ಅಡುಗೆಮನೆ

ಬೈಬಲನ್ನು ನಾನು ದಿನಾ ಓದುತ್ತೇನೆ. ಓದುವಾಗ, ಇದು ನನ್ನ ಪರವಾಗಿಯೇ ಮಾತಾಡುತ್ತಿದೆ ಎಂಬ ಸಣ್ಣದೊಂದು ಭರವಸೆ ಒಳಗೊಳಗೇ ಇರುತ್ತದೆ. ತೊಂದರೆ ಏನೆಂದರೆ, ನಮ್ಮ ಮನೆಯಲ್ಲಿ ಇವರೂ ಅದನ್ನೇ ಓದುತ್ತಾರೆ, ಇವರಿಗೂ ಅದೇ ಭರವಸೆ. ಹೀಗೆ ಒಂದೇ ಪುಸ್ತಕ ಗಂಡ ಹೆಂಡತಿ ಇಬ್ಬರ ಪರವಾಗಿಯೂ ವಾದಿಸತೊಡಗಿದರೆ ಏನಾಗುತ್ತದೆ ಎನ್ನುವುದನ್ನು ನಾನು ಸಾಗರದ ನಮ್ಮ ಮನೆಯ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಒಂದು ತುಂಡು ಜಾಗದ ವಿಷಯದಲ್ಲಿ ಕಂಡುಕೊಂಡೆ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಬೆಳಗಿನ ಆರಾಧನೆ ಮುಗಿದ ಮೇಲೆ ಸ್ಟೀಲ್ ತಟ್ಟೆಯೊಂದರಲ್ಲಿ ಸುರುಳಿ ಸುತ್ತಿದ ಚೀಟಿಗಳನ್ನು ಇಡುತ್ತಾರೆ. ಒಂದೊಂದರಲ್ಲೂ ಬೈಬಲಿನ ಒಂದು ವಾಕ್ಯ. ಮನೆಗೊಂದು ಎತ್ತಬೇಕು. ಅದು ಆ ವರ್ಷವಿಡೀ ಆ ಮನೆಗೆ ದೇವರ ವಾಗ್ದಾನ. ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಎತ್ತುತ್ತಾರೆ, ಗಂಡಸರು ಏನೂ ಆಸೆಯಿಲ್ಲದವರ ಹಾಗೆ ಎತ್ತಿ ಕಂಬದ ಮರೆಗೆ ಹೋಗಿ ಬಿಡಿಸುತ್ತಾರೆ. ಹೋದ ವರ್ಷ ನಮ್ಮ ಮನೆಯ ಚೀಟಿ ಎತ್ತಿದ್ದು ಇವರು. ನಿನ್ನ ಗುಡಾರವನ್ನು ಅಗಲಮಾಡಿಕೋ, ಸಂಕೋಚಪಡಬೇಡ ಎಂಬ ಅರ್ಥದ, ಪ್ರವಾದಿಯೊಬ್ಬನ ಮಾತು ಬಂದಿತ್ತು.

ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಇವರಿಗೆ ಅರ್ಥ ಹೊಳೆದಿತ್ತು. "ಕಾರಿಗೆ ಶೆಡ್ ಕಟ್ಟು ಅಂತ ಕಣೆ," ಅಂದರು. ಸೆಕೆಂಡ್‌ಹ್ಯಾಂಡ್ ಕಾರು ಬಂದು ಆಗ ಎರಡೇ ತಿಂಗಳು. ಇಬ್ಬನಿ ಬಿದ್ದರೆ ಅದಕ್ಕೆ ಶೀತವಾಗುತ್ತದೆಂದು ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದರು.

"ಗುಡಾರಕ್ಕೂ ಶೆಡ್ಡಿಗೂ ಎಂತ ಸಂಬಂಧ ರೀ?"

"ಗೂಟ, ಹಗ್ಗ, ಮೇಲೊಂದು ಹೊದಿಕೆ. ಶೆಡ್ ಅಲ್ದೆ ಮತ್ತೆಂತ? ಆವಾಗ ಪಕ್ಕದಲ್ಲಿ ಒಂಟೆ ಕಟ್ತಿದ್ರು, ಈಗ ಕಾರು."

ನನಗೆ ಅದೇ ಜಾಗದಲ್ಲಿ ಅಡುಗೆಮನೆ ದೊಡ್ಡದು ಮಾಡಿಸುವ ಆಸೆ. ನನ್ನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆದರೆ ಹಿತ್ತಿಲ ಬಾಗಿಲು ತೆಗೆಯಲು ಬರುವುದಿಲ್ಲ. ಇಬ್ಬರು ನಿಂತರೆ ಒಬ್ಬರು ಕ್ಷಮೆ ಕೇಳುತ್ತಲೇ ಇರಬೇಕು. ನಾನು ವಾದಕ್ಕೆ ತಯಾರಾಗಿಯೇ ಇದ್ದೆ. ಬುಧವಾರದ ವೇದಪಾಠದಲ್ಲಿ ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಬೈಬಲಿನ ಕಷ್ಟದ ಜಾಗಕ್ಕೆ ಬೈಬಲಿನ ಇನ್ನೊಂದು ಜಾಗವೇ ಅರ್ಥ ಹೇಳಬೇಕು ಎಂದು ಕಲಿಸಿದ್ದರು. "ಅಬ್ರಹಾಮನ ಗುಡಾರಕ್ಕೆ ನೆಂಟರು ಬಂದಾಗ ಒಳಗೆ ಸಾರಾ ಎಂತ ಮಾಡ್ತಿದ್ಲು? ಹಿಟ್ಟು ನಾದಿ ರೊಟ್ಟಿ ಸುಡ್ತಿದ್ಲು. ಗುಡಾರ ಅಂದ್ರೆ ಅಡುಗೆಮನೆ," ಅಂದೆ. ಇವರು ರಾತ್ರಿ ಊಟದವರೆಗೆ ಪುಟ ಮಗುಚುತ್ತಾ ಕೂತರು. ಬೈಬಲಿನಲ್ಲಿ ರಥಗಳನ್ನು ಎಲ್ಲಿ ನಿಲ್ಲಿಸುತ್ತಿದ್ದರೆಂದು ಹುಡುಕುತ್ತಿದ್ದರಂತೆ.

ನನ್ನ ಈ ಚುರುಕು ತೀರ್ಥಹಳ್ಳಿಯ ಕಾನ್ವೆಂಟಿನ ಕಾಣಿಕೆ. ಅಲ್ಲಿ ನಾವು ವಾಕ್ಯಗಳನ್ನು ಮಾತ್ರೆಗಳ ಹಾಗೆ ಒಂದೊಂದಾಗಿ ನುಂಗಿದವರು. ಯಾರು ಹೇಳಿದ್ದು, ಯಾರಿಗೆ ಹೇಳಿದ್ದು ಎಂದು ಕೇಳಿದವರಿಲ್ಲ. ಮೇಳಿಗೆಯಿಂದ ಬರುತ್ತಿದ್ದ ನನ್ನ ಗೆಳತಿಯೊಬ್ಬಳು ಒಮ್ಮೆ ಗಣಿತದ ಪರೀಕ್ಷೆಗೆ ಏನೂ ಓದದೆ ಬಂದು, ನಾಳಿನ ಚಿಂತೆ ಬೇಡವೆಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ ಸಿಸ್ಟರ್, ಅಂದಳು. ಸಿಸ್ಟರ್ ಕನ್ನಡಕದ ಮೇಲಿಂದ ನೋಡಿ, "ಅದನ್ನ ಹೇಳಿದ್ದು ಊಟ ಬಟ್ಟೆಗೆ ಹೆದರಿದವರಿಗೆ ಮಗಾ. ನೀನು ಹೆದರ್ತಾ ಇರೋದು ಬೀಜಗಣಿತಕ್ಕೆ," ಅಂದರು. ಬೈಬಲನ್ನು ಅರ್ಥಮಾಡಿಕೊಳ್ಳುವ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಆದರೆ ಹೇಳಿಸಿಕೊಂಡವಳು ಅವಳು. ನಾನು ಪಕ್ಕದಲ್ಲಿ ಕೂತು ನಕ್ಕವಳು.

ಜಗಳ ತೀರಲಿಲ್ಲ. ಮೇಸ್ತ್ರಿ ಎರಡು ಸಲ ಬಂದು, ಟೇಪು ಹಿಡಿದು, "ಮೊದ್ಲು ನೀವಿಬ್ರೂ ಒಂದ್ ತೀರ್ಮಾನಕ್ಕೆ ಬನ್ನಿ ಅಮ್ಮಾ," ಎಂದು ಕಾಫಿ ಕುಡಿದು ಹೋದ. ಕೊನೆಗೆ ಅಯ್ಯನವರೇ ಹೇಳಲಿ ಎಂದು ಇಬ್ಬರೂ ಒಪ್ಪಿದೆವು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸ್ಕೂಟರಿನಲ್ಲಿ ಓಡಾಡುವ ಅವರು ಶನಿವಾರ ಸಂಜೆ ಬಂದರು. ನಾನು ಮುಂಜಾಗ್ರತೆಗೆ ಬಾಳೆಹಣ್ಣಿನ ಬನ್ಸ್ ಮಾಡಿದ್ದೆ. ಅವರು ಎರಡು ತಿಂದರು, ಎರಡೂ ಕಡೆಯ ವಾದ ಕೇಳಿದರು, ಆಮೇಲೆ ಇವರ ಕೈಗೆ ಬೈಬಲ್ ಕೊಟ್ಟು, "ಅದಕ್ಕೆ ಹಿಂದಿನ ವಾಕ್ಯ ಓದಿ," ಅಂದರು.

ಇವರು ಓದಿದರು. ಮಕ್ಕಳನ್ನು ಹೆರದೆ ಒಂಟಿಯಾಗಿ ಉಳಿದ ಹೆಂಗಸೊಬ್ಬಳಿಗೆ ಹಾಡು ಎಂದು ಹೇಳುವ ಮಾತು ಅದು. ಗಂಡನಿದ್ದವಳಿಗಿಂತ ನಿನಗೇ ಮಕ್ಕಳು ಹೆಚ್ಚು, ಆದ್ದರಿಂದ ಜಾಗ ಮಾಡಿಕೋ ಎಂದು. ಓದುತ್ತಾ ಇವರ ದನಿ ಸಣ್ಣದಾಯಿತು.

"ಇದು ಶೆಡ್ಡಿಗೂ ಹೇಳಿದ್ದಲ್ಲ, ಅಡುಗೆಮನೆಗೂ ಹೇಳಿದ್ದಲ್ಲ," ಅಂದರು ಅಯ್ಯನವರು. "ಹಾಳಾಗಿದ್ದ ಒಂದು ಊರನ್ನ ಹೆಂಗಸಿಗೆ ಹೋಲಿಸಿ ಹೇಳಿದ್ದು. ನಿಮ್ಮ ವಿಳಾಸಕ್ಕೆ ಬಂದ ಮಾತೇ ಅಲ್ಲ. ಆದ್ರೂ ನಂಬಿದವರು ಕೇಳ್ಕೊಬೇಕು, ಆವಾಗ ದೇವರ ಕಣ್ಣು ಯಾರ ಮೇಲಿತ್ತು, ಅಂಥವರು ನಮ್ಮ ಹತ್ರ ಯಾರಿದ್ದಾರೆ ಅಂತ. ನಮಗೆ ಬೇಕಾದ ಅರ್ಥವೇ ಸಿಕ್ಕಿದ್ರೆ ಇನ್ನೊಂದ್ಸಲ ಓದೋದು ಒಳ್ಳೇದು."

ನಮ್ಮಿಬ್ಬರಿಗೂ ನೆನಪಾದದ್ದು ಒಬ್ಬರೇ. ಇವರ ಅಕ್ಕ ಕರುಣಕ್ಕ ಹೊಸನಗರದಲ್ಲಿ ಒಬ್ಬರೇ ಇದ್ದರು. ಮದುವೆಯಾಗಲಿಲ್ಲ, ಆ ಕಡೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಲೇ ನರ್ಸ್ ಕೆಲಸದಿಂದ ನಿವೃತ್ತರಾದರು. ಬಾಡಿಗೆ ಮನೆಯ ಓನರು ಮನೆ ಬಿಡಲು ಹೇಳಿದ್ದಾರೆಂದು ಕ್ರಿಸ್ಮಸ್ಸಿಗೆ ಬಂದಾಗ ಹೇಳಿದ್ದರು. ಹೇಳಿ, ಬೇರೆ ಮಾತು ತೆಗೆದಿದ್ದರು. ನಾವೂ ಬೇರೆ ಮಾತೇ ಆಡಿದ್ದೆವು.

ಬೇಸಿಗೆ ಮುಗಿಯುವುದರೊಳಗೆ ಹಿತ್ತಿಲಲ್ಲಿ ಒಂದು ರೂಮು, ಅದಕ್ಕೊಂದು ಬಚ್ಚಲು ಎದ್ದವು. ಕಾರು ಬೆಡ್‌ಶೀಟಿನಲ್ಲೇ ಉಳಿಯಿತು, ನಾನು ಫ್ರಿಜ್ಜಿನ ಬಾಗಿಲ ಹಿಂದೆ ಉಳಿದೆ. ಅಕ್ಕ ಎರಡು ಟ್ರಂಕು, ಒಂದು ಹೊಲಿಗೆ ಮಿಷಿನ್ನು ತಂದು ಇಳಿದರು. ಯಾವ ವಾಕ್ಯದಿಂದ ಈ ರೂಮು ಹುಟ್ಟಿತೆಂದು ಮಾತ್ರ ಅವರಿಗೆ ಹೇಳಿರಲಿಲ್ಲ. ಹೆರದವಳೇ ಎಂದು ಶುರುವಾಗುವ ಮಾತನ್ನು ಯಾವ ಬಾಯಲ್ಲಿ ಹೇಳುವುದು? ಆದರೆ ಮುಚ್ಚಿಡುವುದು ಇವರಿಗೆ ಬಾರದ ವಿದ್ಯೆ. ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹೇಳಿಯೇಬಿಟ್ಟರು. ನಾನು ಅಕ್ಕನ ಮುಖವನ್ನೇ ನೋಡಿದೆ.

ಅಕ್ಕ ಕನ್ನಡಕ ಹಾಕಿಕೊಂಡು ಆ ಪುಟವನ್ನು ನಿಧಾನವಾಗಿ ಓದಿದರು. ಅವರ ಬೆರಳು ಒಂದು ಸಾಲಿನ ಕೆಳಗೆ ಸ್ವಲ್ಪ ಹೊತ್ತು ನಿಂತಿತು. "ಬೇಜಾರೆಂತದು ಪ್ರೇಮಾ," ಅಂದರು ನನಗೆ. "ಹೊಸನಗರದಲ್ಲಿ ಅರ್ಧ ಜನ ನನ್ನ ಕೈಗೇ ಬಿದ್ದೋರು. ಅವರೆಲ್ಲ ನೋಡೋಕೆ ಬಂದ್ರೆ ನಿನ್ನ ಗಂಡ ಕಟ್ಟಿಸಿದ ಈ ರೂಮು ಎಲ್ಲಿ ಸಾಕು?"

ತಮಾಷೆ ಎಂದುಕೊಂಡು ನಕ್ಕೆವು. ಆದರೆ ಅವರು ಬಂದರು, ಬರುತ್ತಲೇ ಇದ್ದಾರೆ. ಸಾಗರಕ್ಕೆ ಜವಳಿಗೆ ಬಂದವರು, ರೈಲು ಹಿಡಿಯಲು ಹೊರಟವರು, ಎಲ್ಲರಿಗೂ "ಸಿಸ್ಟರಮ್ಮನ್ನ ನೋಡ್ಕಂಡು ಹೋಗಣ" ಎಂದು ನಮ್ಮ ಮನೆಯೇ ದಾರಿ. ಮೀಸೆ ಹೊತ್ತ ಗಂಡಸರು ಅಕ್ಕನೆದುರು ಹಸುಗೂಸುಗಳ ಹಾಗೆ ಕೂರುತ್ತಾರೆ. ಅಕ್ಕ ಒಬ್ಬೊಬ್ಬರನ್ನೂ, "ಇವನು ಕಾಲು ಮುಂದಾಗಿ ಬಂದವನು, ಈಗ್ಲೂ ಹಟಮಾರಿ," ಎಂದು ಪರಿಚಯಿಸುತ್ತಾರೆ. ಪ್ರವಾದಿಯ ಮಾತು ಅಕ್ಷರಶಃ ನೆರವೇರುತ್ತಿದೆ. ಅಷ್ಟೂ ಜನರಿಗೆ ಚಹಾ ಮಾತ್ರ ನನ್ನ ಆ ಹಳೆಯ ಅಡುಗೆಮನೆಯಿಂದಲೇ ಹೋಗಬೇಕು.

ಆದ್ದರಿಂದ ದೊಡ್ಡ ಅಡುಗೆಮನೆಯ ಪರವಾಗಿ, ಈ ಸಲ ಹಿಂದೆ ಮುಂದೆ ಓದಿದರೂ ಅಲುಗಾಡದಂಥ ಒಂದು ಜಾಗವನ್ನು ಬೈಬಲಿನಲ್ಲಿ ಹುಡುಕುತ್ತಿದ್ದೇನೆ. ಮೊನ್ನೆ ಹಾಲು ಕಾಯುವಾಗ ಒಂದು ಭಾರಿ ಊಟದ ಪ್ರಸಂಗ ಸಿಕ್ಕಿತು. ಸಾವಿರಾರು ಜನ, ಎಲ್ಲರಿಗೂ ಹೊಟ್ಟೆ ತುಂಬಿ ಬುಟ್ಟಿಗಟ್ಟಲೆ ಮಿಕ್ಕಿದೆ. ಉತ್ಸಾಹದಿಂದ ಪೂರ್ತಿ ಓದಿದೆ. ಊಟ ನಡೆದದ್ದು ಹುಲ್ಲಿನ ಮೇಲೆ. ಅಲ್ಲಿ ಅಡುಗೆಮನೆಯೇ ಇರಲಿಲ್ಲ. ಅಷ್ಟರಲ್ಲಿ ಇವರ ಹೆಜ್ಜೆ ಸದ್ದು ಕೇಳಿತು. ನಾನು ಆ ಪುಟವನ್ನು ಮೆಲ್ಲಗೆ ಮಗುಚಿ, ಉಕ್ಕುತ್ತಿದ್ದ ಹಾಲು ಇಳಿಸಿದೆ.