ಸದಸ್ಯ ಸಂಖ್ಯೆ ಒತ್ತಿ ತಂಗಿಯನ್ನು ಹುಡುಕಿದ್ದು

ಮಲಯಾಳ ಮಾತಿನ ಗಡಿಸೀಮೆಯಲ್ಲಿರುವ ನಮ್ಮ ಜೈನ ಸಮಾಜದ ಸಂಘಕ್ಕೆ ನಾನು ಕಾರ್ಯದರ್ಶಿ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ನೆರೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೊರಟು ನೆಂಟರ ಮನೆಬಾಗಿಲಿಗೇ ಹೋಗಿ ಸುದ್ದಿ ಹೇಳುವುದು ವಾಡಿಕೆ. ಹೊತ್ತು ಮುಳುಗುವ ಮೊದಲೇ ದಹನ ಆಗಬೇಕಾದ್ದರಿಂದ ಓಟವೋ ಓಟ. ಇದಕ್ಕೊಂದು ಶಾಶ್ವತ ಪರಿಹಾರ ಒದಗಿಸುವ ಘನ ಉದ್ದೇಶದಿಂದ ನಾನು ಸಂಘದ ಕಂಪ್ಯೂಟರಿನಲ್ಲಿ ಡೇಟಾಬೇಸ್ ಮಾಡಿದೆ. ಸದಸ್ಯ ಸಂಖ್ಯೆ ಒತ್ತಿದರೆ ಹತ್ತಿರದ ನೆಂಟರ ಫೋನ್ ನಂಬರ್ ಬರಬೇಕು. ನೆಂಟರ ಹೆಸರಿನ ಖಾನೆಯನ್ನು ತೆಗೆದೇ ಹಾಕಿದೆ. ಸಂಖ್ಯೆ ಇರುವಾಗ ಹೆಸರಿಗೇನು ಕೆಲಸ!

"ಮನುಷ್ಯರಿಗೆ ಹೆಸರು, ಮನೆಪೇರು ಅಂತ ಇಲ್ವಾ?" ಎಂದಳು ಹೆಂಡತಿ.

"ಶಾಂತಿರಾಜ ಅಂತ ಕೂಗಿದ್ರೆ ಅರ್ಧ ಪುಲ್ಪಳ್ಳಿ ತಿರುಗಿ ನೋಡುತ್ತೆ. ಇದು ವಿಜ್ಞಾನ!"

"ಆಯ್ತು ವಿಜ್ಞಾನಿಗಳೇ, ಕಾಫಿ ಆರ್ತಾ ಇದೆ."

ಒಂದು ಬೆಳಿಗ್ಗೆ ಕೇಣಿಚಿರದ ಜಿನಚಂದ್ರಣ್ಣ ಹೋಗಿಬಿಟ್ಟರು. ಅವರಿಗೆ ತನ್ನವರು ಅಂತ ಇದ್ದದ್ದು ಕೊಳವಳ್ಳಿಯ ತಂಗಿ ಸುಮತಿಯಕ್ಕ ಒಬ್ಬರೇ. ಆಕೆ ಬಂದು ಅಣ್ಣನ ಮುಖ ನೋಡಬೇಕಿತ್ತು. ನೆರೆಯವರು ಆಗಲೇ ಜೀಪ್ ಹತ್ತುತ್ತಿದ್ದರು. ನಾನು ಕೈ ಅಡ್ಡ ಹಿಡಿದೆ.

"ಯಾರೂ ಹೋಗಬೇಡಿ. ಸಂಘ ನೋಡಿಕೊಳ್ಳುತ್ತದೆ!"

ಕಂಪ್ಯೂಟರ್ ಮುಂದೆ ಕೂತು ಜಿನಚಂದ್ರಣ್ಣನ ಸಂಖ್ಯೆ ಒತ್ತಿದೆ. ಆ ಖಾನೆ ಹುಡುಕುವ ಖಾನೆಯಲ್ಲ, ತಿದ್ದುವ ಖಾನೆ ಎಂದು ತಿಳಿದದ್ದು ಆಮೇಲೆ. ಪರದೆಯಲ್ಲಿ ಮೊದಲೇ ತೆರೆದುಕೊಂಡಿದ್ದುದು ಪುಲ್ಪಳ್ಳಿಯ ಇನ್ಯಾರದೋ ತಂಗಿಯ ವಿವರ. ಯಂತ್ರ ತಕರಾರಿಲ್ಲದೆ ಆಕೆಯನ್ನೇ ಜಿನಚಂದ್ರಣ್ಣನ ತಂಗಿಯನ್ನಾಗಿ ಮಾಡಿ ಉಳಿಸಿಕೊಂಡಿತು. ರಕ್ತಸಂಬಂಧ ಬದಲಿಸುವ ಅಧಿಕಾರ ಕಾರ್ಯದರ್ಶಿಗೂ ಇದೆಯೆಂದು ನನಗೆ ಗೊತ್ತಿರಲಿಲ್ಲ. "ತಂಗಿ" ಎಂದಿತ್ತು, ಪಕ್ಕದಲ್ಲಿ ಫೋನ್ ನಂಬರ್ ಇತ್ತು. ಒತ್ತಿದೆ.

"ನಿಮ್ಮ ಅಣ್ಣ ಹೋಗಿಬಿಟ್ಟರು. ಬೇಗ ಬನ್ನಿ."

ಆ ಕಡೆಯಿಂದ ಒಂದು ಕೂಗು, ಫೋನ್ ಕಟ್ಟಾಯಿತು. ಅಳುವಾಗ ಎಲ್ಲರ ದನಿಯೂ ಒಂದೇ.

ಕೇಣಿಚಿರದಲ್ಲಿ ಎಲ್ಲರೂ ಕಾದರು. "ಸುಮತಿ ಎಲ್ಲಿ?" ಎಂದು ಹಿರಿಯರು ಕೇಳಿದಾಗಲೆಲ್ಲ "ಹೊರಟಿದ್ದಾರೆ" ಎಂದೆ. ಹೊತ್ತು ಇಳಿಯಿತು. ಇನ್ನು ಕಾಯುವಂತಿಲ್ಲವೆಂದು ಬೆಂಕಿ ಕೊಟ್ಟರು. ಆಗ ನನ್ನ ಫೋನ್ ಹೊಡೆದುಕೊಂಡಿತು.

"ಸೆಕ್ರೆಟರಿಯೇ, ನಾನು ಪುಲ್ಪಳ್ಳಿಯಿಂದ. ನಾನು ಮರಿಚ್ಚು, ಸತ್ತೇಹೋದೆ ಅಂತ ಹೇಳಿದ್ರಂತೆ? ಇಲ್ಲಿ ಮೆಣಸು ಕೊಯ್ತಾ ಏಣಿ ಮೇಲಿದ್ದೀನಿ. ತಂಗಿ ದೂರದ ಗಂಡನ ಮನೆಯಿಂದ ಬಸ್ಸು ಹಿಡಿದು ಈಗ ತೋಟಕ್ಕೆ ಓಡಿ ಬಂದು ಏಣಿ ತಬ್ಬಿಕೊಂಡು ಅಳ್ತಿದ್ದಾಳೆ, ಇಳಿಯೋಕೂ ಬಿಡ್ತಿಲ್ಲ. ಏನು ಮಾಡ್ಲಿ? ಸಾಯ್ಲಾ?"

ನಗು ಬರಬೇಕಿತ್ತು. ಎದುರಿಗೆ ಚಿತೆ ಉರಿಯುತ್ತಿತ್ತು. ಹೆಂಡತಿಗೆ ವಿಷಯ ಹೇಳಿದೆ.

ಹೆಂಡತಿಯೇ ಸುಮತಿಯಕ್ಕನಿಗೆ ಫೋನ್ ಮಾಡಿದಳು. ಆಕೆ ಜೀಪಿನಿಂದಿಳಿಯುವಾಗ ಕೆಂಡ ಮಾತ್ರ ಉಳಿದಿತ್ತು. ನಡೆದದ್ದನ್ನೆಲ್ಲ ನಾನೇ ತೊದಲಿ ಹೇಳಿದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆಕೆ ಬೈಯಲಿಲ್ಲ, ಎಂದಿನಂತೆ ಮಗನೇ ಎಂದೇ ಕರೆದರು.

"ಕೊಳವಳ್ಳಿಗೆ ಬಂದಾಗಲೆಲ್ಲ ನಮ್ಮಲ್ಲೇ ಊಟ ಮಾಡಿ ಹೋಗ್ತೀಯಲ್ಲ ಮೋನೇ, ನಾನು ಅವನ ತಂಗಿ ಅಂತ ನಿನಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು. ಆಕೆಯ ಮನೆ, ಅಂಗಳ, ನಾಯಿಯ ಹೆಸರು ಕೂಡ ಗೊತ್ತಿತ್ತು. ನನಗೆ ಗೊತ್ತಿದ್ದದ್ದನ್ನು ನಾನು ಕಂಪ್ಯೂಟರನ್ನು ಕೇಳಲು ಹೋಗಿದ್ದೆ!