ಬೀಗರ ಗ್ರೂಪು ಬಿಟ್ಟ ನೀಲಕಂಠರಾಯರು

ಪ್ರಾಣಾಯಾಮಕ್ಕೆಂದು ನೀಲಕಂಠರಾಯರು ಮೂಗು ಹಿಡಿದು, ಉಸಿರು ಕಟ್ಟಿ ಕೂತಿದ್ದಾಗ ಕೈಯಲ್ಲಿದ್ದ ಗಡಿಯಾರ ಗುರ್ರೆಂದು ನಡುಗಿ ‘ಉಸಿರಾಡಿ’ ಎಂದು ಹುಕುಂ ಮಾಡಿತು. ಅಪ್ಪಟ ಸ್ಮಾರ್ತನ ಕೈಗೆ ಸ್ಮಾರ್ಟ್ ಗಡಿಯಾರ ಕಟ್ಟಿದರೆ ಇನ್ನೇನಾದೀತು! ರಾಯರಿಗೆ ಮಂತ್ರ ಮರೆತುಹೋಯಿತು, ಸಿಟ್ಟು ನೆನಪಾಯಿತು.

“ನನ್ನ ಉಸಿರಿಗೂ ಇದರ ಪರ್ಮಿಶನ್ ಬೇಕೇನು?” ಎಂದು ಬಿಚ್ಚಿ ಒಗೆದರು.

ರಾಯರು ನಿವೃತ್ತರಾದ ಮೇಲೆ ಬೈಲಹೊಂಗಲದ ಅವರ ಮನೆಗೆ ಯಂತ್ರಗಳು ಬೆಲ್ಲಕ್ಕೆ ಇರುವೆ ಬಂದ ಹಾಗೆ ಬಂದು ಸೇರಿದ್ದವು. ಕರೆದರೆ ಹಾಡುವ ಡಬ್ಬಿ, ಕಿವಿಯೊಳಗೆ ಕೂರುವ ಗೋಲಿ, ತೂಕ ಹೇಳಿ ಮಾನ ಕಳೆಯುವ ತಕ್ಕಡಿ. ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದರು. ಉಳಿದದ್ದು ಮೊಬೈಲು. ಮೆಂತ್ಯ ಸೊಪ್ಪು ಸೋಸುವವರಂತೆ ಹೆಬ್ಬೆರಳಿನಿಂದ ಒಂದೊಂದೇ ವಾಟ್ಸಾಪ್ ಗ್ರೂಪನ್ನು ಚಿವುಟುತ್ತ ಹೊರಬಂದರು. ಓಣಿಯ ಗಣಪತಿ ಕಮಿಟಿ ಹೋಯಿತು, ಪಿಂಚಣಿದಾರರು ಹೋದರು, ಮೊಣಕಾಲು ನೋವಿನ ಮಿತ್ರರು ಹೋದರು. ಆಮೇಲಾಮೇಲೆ ಹೆಸರು ಓದುವುದನ್ನೂ ಬಿಟ್ಟರು. ಕೊನೆಗೆ ಫೋನು ಬಂದ್ ಮಾಡಿ ಚೀಲ ಅಟ್ಟಕ್ಕೇರಿಸಿದಾಗ, ಆಗತಾನೆ ಕ್ಷೌರ ಮಾಡಿಸಿದ ತಲೆಯಂತೆ ಮನಸ್ಸು ಹಗುರಾಯಿತು.

ಆ ಹಗುರ ಒಂದು ಕಪ್ ಚಹಾ ಮುಗಿಯುವತನಕ ಬಾಳಿತು.

“ಏನ್ರೀ!” ಹೆಂಡತಿ ಮಥುರಾಬಾಯಿ ತಮ್ಮ ಮೊಬೈಲನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ಬಂದರು. “ಬೀಗರ ಗ್ರೂಪ್ ಯಾಕ ಬಿಟ್ರಿ?”

ಮಗಳು ಶರ್ವರಿಯ ಮದುವೆ ಮುನವಳ್ಳಿಯ ಧೋಂಡೋಪಂತರ ಮಗ ಅನಿಕೇತನ ಜೊತೆ ಮುಂದಿನ ತಿಂಗಳು ಗೊತ್ತಾಗಿತ್ತು. ಅದಕ್ಕೆಂದೇ ಪಂತರು ಎರಡೂ ಕಡೆಯವರನ್ನು ಸೇರಿಸಿ ಗ್ರೂಪು ಮಾಡಿದ್ದರು.

“ಗೊತ್ತಾಗದಂಗ ಕೈ ಬಿತ್ತು. ನಾ ಬಿಟ್ಟದ್ದು ಗ್ರೂಪು, ಸಂಬಂಧ ಅಲ್ಲ.”

“ಈಗಿನ ಕಾಲದಾಗ ಎರಡೂ ಒಂದ! ನಿಮ್ಮ ತಂಗಿ ಗ್ರೂಪ್ ಬಿಟ್ಟಾಗ ವರ್ಷಗಟ್ಟಲೆ ಅವರ ಮನ್ಯಾಗ ನೀರ ಮುಟ್ಟಿಲ್ಲ ನೀವು. ಮರತ್ರೇನು?”

ಅಷ್ಟರಲ್ಲಿ ಅವರ ಕೈಯಲ್ಲಿನ ಫೋನು ಟಿಂಗ್ ಎಂದಿತು. “ಅಯ್ಯ, ಧೋಂಡೋಪಂತರೂ ಹೊಂಟ್ರು!” ಟಿಂಗ್. “ಹುಡುಗನ ಸೋದರಮಾವ!” ಟಿಂಗ್. “ಸೋದರತ್ತೀನೂ ಹೋದ್ಳಲ್ರಿ!” ಕ್ರಿಕೆಟ್ಟಿನ ವಿಕೆಟ್ ಬಿದ್ದಂತೆ ಬೀಗರು ಬೀಳತೊಡಗಿದರು.

ಒಳಗಿನಿಂದ ಶರ್ವರಿ ಬಂದಳು. ಕಣ್ಣು ಕೆಂಪಗಾಗಿತ್ತು. “ಅಪ್ಪಾ, ಧಾರವಾಡದಿಂದ ಅನಿಕೇತ ಫೋನ್ ಮಾಡಿದ್ದಾ. ನಿಮ್ಮ ಹೆಸರು ಹೋದದ್ದ ನೋಡಿ ಅವರಪ್ಪ ಅವಲಕ್ಕಿ ಅರ್ಧಕ್ಕ ಬಿಟ್ಟು ಎದ್ರಂತ, ಫೋನೂ ಬಂದ್ ಮಾಡ್ಯಾರಂತ. ಈ ಲಗ್ನ ಮುರೀತಂದ್ರ ನಾ ಇನ್ನೊಂದಕ್ಕ ಕೂಡಂಗಿಲ್ಲ. ಈಗ ಹೇಳೇನಿ.”

“ಇನ್ನೂ ಕುಂತೀರೇನು?” ಮಥುರಾಬಾಯಿ ಶಾಲು, ತೆಂಗಿನಕಾಯಿ ತಂದು ಗಂಡನ ಕೈಗಿಟ್ಟರು. “ಮುನಿಸಿಕೊಂಡ ಬೀಗರನ್ನ ಫೋನಿನ್ಯಾಗ ಸಮಾಧಾನ ಮಾಡಲಿಕ್ಕೆ ಬರಂಗಿಲ್ಲ. ಮನೀಗೆ ಹೋಗಿ ಶಾಲು ಹೊಚ್ಚಿ ಕೈ ಮುಗಿದು ಬರ್ರಿ.”

ಬಾಗಿಲು ದಾಟುವಷ್ಟರಲ್ಲಿ ಎದುರು ಮನೆಯ ಅಡತಿ ವ್ಯಾಪಾರಿ ಶಟ್ಟೆಪ್ಪ ಅಡ್ಡ ಬಂದ. ಮುಖದ ತುಂಬ ದುಃಖ, ಬಾಯಿ ತುಂಬ ಎಲೆಅಡಿಕೆ.

“ಕೇಳಿ ಭಾಳ ಕೆಟ್ಟ ಅನಿಸ್ತ್ರಿ, ರಾಯರ.”

“ಏನ ಕೇಳಿದಿ?”

“ಲಗ್ನ ಮುರದ್ದು. ಇಡೀ ಓಣಿಗೆ ಗೊತ್ತೈತಿ. ಅಂದಂಗ, ಮಂಗಲ ಕಾರ್ಯಾಲಯ ನಿಮ್ಮ ಹೆಸರಿಗೇ ಬುಕ್ ಐತಲ್ರಿ? ಆ ತಾರೀಖ ನಮ್ಮ ಹುಡುಗಿಗೆ ಬಿಟ್ಟ ಕೊಡ್ರಲಾ. ಅಡಿಗಿ ಭಟ್ಟರನ್ನೂ ಬ್ಯಾಡ ಅನಬ್ಯಾಡ್ರಿ, ನಾವ ಇಟ್ಕೋತೇವಿ.”

“ಹೆಣ ಎತ್ತೂದ್ರೊಳಗ ಹಾಸಿಗಿ ಕೇಳಾಕ ಬಂದಿಯೇನೋ!” ಎಂದು ರಾಯರು ಗದರಿ, ಪೀರಸಾಬನ ಆಟೋ ಹತ್ತಿದರು.

ಪೀರಸಾಬ ಪಕ್ಕದ ಓಣಿಯವನು. ಅವನ ಆಟೋ ಮುನವಳ್ಳಿಯಷ್ಟು ದೂರ ಹುಟ್ಟಿದಾಗಿನಿಂದ ಹೋಗಿರಲಿಲ್ಲ. ತಗ್ಗು ಬಂದಲ್ಲೆಲ್ಲ ಅದು ಕೆಮ್ಮಿತು, ದಿನ್ನೆ ಬಂದಲ್ಲೆಲ್ಲ ಅತ್ತಿತು. ರಾಯರು ತೆಂಗಿನಕಾಯಿಯನ್ನು ಕೂಸಿನಂತೆ ಎದೆಗವಚಿಕೊಂಡು ಕೂತರು.

“ಸಾಹೇಬ್ರ,” ಎಂದ ಪೀರಸಾಬ, “ನಮ್ಮ ಮನ್ಯಾಗ ಸಿಟ್ಟ ಬಂದ್ರ ಊಟಾ ಬಿಡತೇವಿ. ಗ್ರೂಪ್ ಬಿಡಂಗಿಲ್ರಿ. ಊಟಾ ಬಿಟ್ರ ರಾತ್ರಿಗೆ ಹಸಿವಿ ಆಗಿ ತಾನ ರಾಜಿ ಆಕ್ಕೈತಿ.”

“ನಿನ್ನ ಫೋನ್ ಕೊಡು. ಮನೀಗೆ ಕೇಳೋಣು, ಏನಾರ ಸುದ್ದಿ ಬಂತೇನಂತ.”

“ಹೆಂಡ್ತಿ ದಿಲಶಾದಬಿ ಕಸಗೊಂಡಾಳ್ರಿ. ಧಾರಾವಾಹಿ ನೋಡಾಕ.”

ಮುನವಳ್ಳಿ ಮುಟ್ಟಿದರೆ ಪಂತರ ಮನೆಗೆ ಬೀಗ. ಬೀಗರಿಲ್ಲದ ಮನೆಗೆ ಬೀಗವೇ ಬೀಗತನ ಮಾಡುತ್ತಿತ್ತು. ಪಕ್ಕದ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಮುದಕವ್ವ ತಲೆ ಎತ್ತಿದಳು.

“ಪಂತ್ರು, ಅವರ ಹೆಂಡ್ತಿ ಇಬ್ರೂ ಕಾರಿನ್ಯಾಗ ಬೈಲಹೊಂಗಲಕ್ಕ ಹೋದ್ರಪ್ಪ. ‘ಇವತ್ತ ಇದನ್ನ ಮುಗಸೇ ಬರತೇನಿ’ ಅನ್ನಾಕ ಹತ್ತಿದ್ರು. ಕೈಯಾಗ ಒಂದ್ ದೊಡ್ಡ ಗಂಟ ಇತ್ತು.”

ರಾಯರು ತಿರುಗಿ ಆಟೋ ಹತ್ತಿದರು. ಗಂಟು! ನಿಶ್ಚಯದಲ್ಲಿ ತಾವು ಕೊಟ್ಟ ಬಟ್ಟೆಬರೆ, ಬೆಳ್ಳಿ ಸಾಮಾನು ತಿರುಗಿ ಕೊಡಲಿಕ್ಕೇ ಇರಬೇಕು. ಸಂಬಂಧ ಮುರಿಯುವವರು ಮೊದಲು ಮಾಡುವ ಕೆಲಸ ಅದೇ. “ಹೊಡಿಯೋ ಪೀರಸಾಬ, ಹೊಡಿ!” ಎಂದರು. ಪೀರಸಾಬ ಹೊಡೆದ. ಆಟೋ ಮಾತ್ರ ತನ್ನ ಮನಸ್ಸು ಬಂದಂತೆ ನಡೆಯಿತು.

ಮನೆ ಮುಂದೆ ಕಾರು ನಿಂತಿತ್ತು. ಓಣಿಗೆ ಓಣಿಯೇ ಕಿಟಕಿಗೆ ಜೋತುಬಿದ್ದಿತ್ತು. ಎಲ್ಲರಿಗಿಂತ ಮುಂದೆ ಶಟ್ಟೆಪ್ಪ, ಬೆರಳಲ್ಲಿ ತಾರೀಖು ಲೆಕ್ಕ ಹಾಕುತ್ತ. ಒಳಗೆ ಧೋಂಡೋಪಂತರು ಹೆಂಡತಿಯ ಜೊತೆ, ‘ರಾಯರು ಬಂದ ಮ್ಯಾಲ ಹೇಳತೇನಿ’ ಎಂದಷ್ಟೇ ಹೇಳಿ ಗಂಭೀರವಾಗಿ ಕೂತಿದ್ದರು. ಪಕ್ಕದಲ್ಲಿ ಗಂಟು. ಬಾಗಿಲ ಮರೆಯಲ್ಲಿ ಶರ್ವರಿ ಸೆರಗಿನ ತುದಿ ಕಚ್ಚಿ ನಿಂತಿದ್ದಳು.

ರಾಯರು ಓಡಿಹೋಗಿ ಶಾಲು ಹೊಚ್ಚಿ ಕೈ ಮುಗಿದರು. “ತಪ್ಪಾತ್ರಿ ಪಂತರ. ನಮ್ಮ ಹುಡುಗಿ ಮುಖಾ ನೋಡಿ ಹೊಟ್ಟ್ಯಾಗ ಹಾಕ್ಕೋರಿ. ನೀವು ಏನ ಕೇಳಿದ್ರೂ ಇಲ್ಲ ಅನ್ನಂಗಿಲ್ಲ.”

“ಖರೇನ ಏನ ಕೇಳಿದ್ರೂ?”

“ಬೀಗರು ಬಾಯಿಬಿಟ್ಟು ಕೇಳಿದ್ದನ್ನ ಹೆಣ್ಣಿನವರು ಇಲ್ಲ ಅಂತಾರೇನ್ರಿ?”

ಓಣಿ ಉಸಿರು ಬಿಗಿಹಿಡಿಯಿತು. ಬಂಗಾರವೋ, ಕಾರೋ?

ಪಂತರು ಎದ್ದು ರಾಯರನ್ನು ಬಿಗಿದಪ್ಪಿದರು. “ತಪ್ಪಲ್ರಿ, ಉಪಕಾರ! ಆ ಗ್ರೂಪ್ ಮಾಡಿ ನಾನ ಸಿಕ್ಕೊಂಡಿದ್ದೆ. ನಸುಕಿನಿಂದ ಶುರು, ಚಿರೋಟಿ ಬೇಕು, ಚಿರೋಟಿ ಬ್ಯಾಡ! ಬಿಡಲಿಕ್ಕೆ ಧೈರ್ಯ ಇರಲಿಲ್ಲ, ನೀವೇನ ತಿಳಕೋತೀರೋ ಅಂತ. ಇವತ್ತ ನೀವ ಬಿಟ್ರಿ. ಅವಲಕ್ಕಿ ಬಿಟ್ಟು ಎದ್ದೆ, ನಾನೂ ಬಿಟ್ಟೆ, ನಮ್ಮ ಮಂದೀಗೂ ಬಿಡ್ರಿ ಅಂದೆ. ಸ್ವರ್ಗಾ, ರಾಯರ, ಸ್ವರ್ಗಾ!”

ಶರ್ವರಿ ಸೆರಗು ಬಿಟ್ಟಳು. ಶಟ್ಟೆಪ್ಪ ಬೆರಳು ಮಡಚಿಕೊಂಡ.

“ಮತ್ತ ನೀವು ಕೇಳೂದು...?” ರಾಯರು ಗಂಟಿನ ಕಡೆ ಕಣ್ಣು ಹಾಯಿಸಿದರು.

ಪಂತರು ಗಂಟು ಬಿಚ್ಚಿದರು. ಒಂದು ಮೊಬೈಲು, ಒಂದು ಟ್ಯಾಬು, ಚಕ್ಕುಲಿಯಂತೆ ಸುತ್ತಿಕೊಂಡ ಚಾರ್ಜರುಗಳು. “ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಲಗ್ನ ಮುಗಿಯೂತನಕ ಇವನ್ನ ನೀವು ಇಟ್ಕೋರಿ. ಗ್ರೂಪಂತೂ ಹೋತು, ಇನ್ನ ಮ್ಯಾಲ ನಮ್ಮ ಮಂದಿ ಒಬ್ಬೊಬ್ಬರ ಬರೀತಾರ. ನನ್ನ ಹೆಸರಲೇ ಉತ್ತರಾ ಕೊಡ್ರಿ. ಹೂಂ ಅಂದೀರಿ, ಓಣಿ ಸಾಕ್ಷಿ ಅದ.”

ಹೀಗೆಂದು ಧೋಂಡೋಪಂತರು ಮೊಬೈಲು ಚಾಲೂ ಮಾಡಿ ರಾಯರ ಕೈಗಿಟ್ಟು, ಜೋಕಾಲಿಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದರು. ರಾಯರ ಅಂಗೈಯಲ್ಲಿ ಫೋನು ಮರಿ ಹಾಕಿದ ಬೆಕ್ಕಿನಂತೆ ಮಿಯಾಂವ್ ಎಂದಿತು. ಯಾರೋ ಸೋದರತ್ತೆ ಬರೆದಿದ್ದರು: ‘ಪಂತರ, ಬೈಲಹೊಂಗಲದ ಆ ಬೀಗಗ ಭಾಳ ಸೊಕ್ಕಂತಲ್ಲ, ಖರೇನು?’

“ಉತ್ತರಾ ಕೊಟ್ಟ ಬಿಡ್ರಿ. ತಡಾ ಆದ್ರ ಸಿಟ್ಟಾಗ್ತಾಳ,” ಎಂದರು ಪಂತರು, ಕಣ್ಣು ಬಿಡದೆ.

ನೀಲಕಂಠರಾಯರು ಮಗಳ ಮುಖ ನೋಡಿದರು. ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿದರು:

‘ಇತ್ತು. ಈಗ ಇಳದದ.’